ಕನ್ಯಾರಾಶಿಯ ಬಿಸಿ ಅನಿಲ, ಧನುರ್ಮಾಸದ ಡೋಲು

ಗೆರೆ ಏರಬೇಕಾದ ಹೊತ್ತಿಗೆ ಸರಿಯಾಗಿ ಪೆನ್ನಿಗೆ ಹುಚ್ಚು ಹಿಡಿಯುತ್ತಿತ್ತು. ಅಲ್ಲಿಯವರೆಗೆ ಯಂತ್ರ ಉರುಳಿಸುವ ಸುರುಳಿ ಕಾಗದದ ಮೇಲೆ ಸದ್ದಿಲ್ಲದೆ ಹರಿದು ಬಂದ ಗೆರೆ ಇನ್ನೇನು ಮೇಲೇರಿ ಒಂದು ಗುಡ್ಡದ ಆಕಾರ ತಾಳಬೇಕು, ಅಷ್ಟರಲ್ಲಿ ಪೆನ್ನು ಮೇಲಕ್ಕೂ ಕೆಳಕ್ಕೂ ಚಚ್ಚಿಕೊಂಡು ಕಾಗದವನ್ನೆಲ್ಲ ಶಾಯಿ ಮಾಡಿಬಿಡುತ್ತಿತ್ತು. ಒಂದಷ್ಟು ಹೊತ್ತು ಕುಣಿದು ತಾನಾಗಿಯೇ ಸುಮ್ಮನಾಗುತ್ತಿತ್ತು. ಅಷ್ಟು ಹೊತ್ತಿಗೆ ನಮಗೆ ಬೇಕಾದದ್ದು ಆಕಾಶದಲ್ಲಿ ದಾಟಿ ಹೋಗಿರುತ್ತಿತ್ತು. ಮತ್ತೆ ಮರುದಿನ ಬೆಳಗಿನವರೆಗೆ ಕಾಯಬೇಕು.

"ಇವತ್ತೂ ಗೋವಿಂದಾನಾ ಮೇಡಂ?" ಎಂದು ಜೀಪಿನ ಚಾಲಕ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. ಆ ಪ್ರಶ್ನೆಗೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಉತ್ತರ ಯಾವಾಗಲೂ ಗೋವಿಂದಾ ಎಂದೇ ಇರುತ್ತಿತ್ತಲ್ಲ, ಅದಕ್ಕೆ.

ತೊಂಬತ್ತರ ದಶಕದ ನಡುವಿನ ಮಾತು. ನಮ್ಮ ರೇಡಿಯೋ ವೀಕ್ಷಣಾ ಕೇಂದ್ರ ಹೊಸಕೋಟೆ ತಾಲ್ಲೂಕಿನಲ್ಲಿ, ಜಡಿಗೇನಹಳ್ಳಿ ರಸ್ತೆಯಿಂದ ಒಳಕ್ಕೆ ತಿರುಗಿದರೆ ಸಿಗುವ ಒಂದು ಊರಿನ ಪಕ್ಕದಲ್ಲಿತ್ತು. ಕೇಂದ್ರ ಎಂದೊಡನೆ ದೊಡ್ಡದಾಗಿ ಊಹಿಸಿಕೊಳ್ಳಬೇಡಿ. ಶೀಟು ಹೊದಿಸಿದ ಎರಡು ಕೋಣೆ, ಒಂದು ಜೀಪು, ಸಾಲಾಗಿ ಇಟ್ಟ ಬ್ಯಾಟರಿಗಳು, ಹೊರಗೆ ರಾಗಿ ಹೊಲಗಳ ನಡುವಿನ ಬಯಲಲ್ಲಿ ಮರದ ಕಂಬಗಳಿಗೆ ಬಿಗಿದ ತಂತಿಗಳು. ಆ ತಂತಿಗಳೇ ನಮ್ಮ ದೂರದರ್ಶಕ; ಅವು ಹಿಡಿದದ್ದನ್ನು ಒಳಗೆ ಪೆನ್ನು ಗೆರೆಯಾಗಿ ಬರೆಯುತ್ತಿತ್ತು. "ಇಷ್ಟುದ್ದ ತಂತಿ ಕಟ್ಟವ್ರೆ, ಒಂದ್ ಬಟ್ಟೆನೂ ಒಣಗಾಕಲ್ವಲ್ಲ" ಎಂದು ಊರಿನ ಹೆಂಗಸರು ನಗುತ್ತಿದ್ದರು. ಯಂತ್ರಗಳನ್ನು ನೋಡಿಕೊಳ್ಳುವ ಎಂಜಿನಿಯರು ನಾನು. ಅಲ್ಲಿದ್ದ ಒಬ್ಬಳೇ ಹೆಂಗಸು. ಮುಖ್ಯಸ್ಥರು ವಾರಕ್ಕೊಮ್ಮೆ ಬೆಂಗಳೂರಿನಿಂದ ಬಂದು, ಶಾಯಿ ಬಳಿದ ಕಾಗದಗಳನ್ನು ನೋಡಿ, ಒಂದೂ ಮಾತಾಡದೆ ಹೋಗುತ್ತಿದ್ದರು. ಬೈದಿದ್ದರೆ ವಾಸಿಯಿತ್ತು.

ನಾವು ನೋಡುತ್ತಿದ್ದದ್ದು ಕನ್ಯಾರಾಶಿಯ ದಿಕ್ಕಿನಲ್ಲಿರುವ ಒಂದು ಗೆಲಾಕ್ಸಿ ಗುಚ್ಛವನ್ನು. ಸಾವಿರಕ್ಕೂ ಹೆಚ್ಚು ಗೆಲಾಕ್ಸಿಗಳು ಸೇರಿದ ಗುಂಪು ಅದು. ಅವುಗಳ ನಡುವಿನ ಜಾಗ ಖಾಲಿಯಲ್ಲ, ಅಲ್ಲಿ ಕೋಟಿಗಟ್ಟಲೆ ಡಿಗ್ರಿ ಬಿಸಿಯ ಅನಿಲ ತುಂಬಿದೆ. ಕಣ್ಣಿಗೆ ಕಾಣದು, ಎಕ್ಸ್-ರೇ ಹಿಡಿಯುವ ಉಪಗ್ರಹಗಳಿಗೆ ಮಾತ್ರ ಕಾಣುತ್ತದೆ. ಬಿಸಿಯಾದದ್ದು ಬೆಳಗುತ್ತ ಬೆಳಗುತ್ತ ಆರಲೇಬೇಕು. ಆರಿದ ಅನಿಲ ಗುಚ್ಛದ ನಡುವಿಗೆ ಕುಸಿದು ರಾಶಿ ರಾಶಿ ಹೊಸ ನಕ್ಷತ್ರಗಳಾಗಬೇಕು. ಹುಡುಕಿದರೆ ಅಷ್ಟು ನಕ್ಷತ್ರಗಳಿಲ್ಲ. ಹಾಗಾದರೆ ಅನಿಲವನ್ನು ಆರಲು ಬಿಡದೆ ಕಾಯಿಸುತ್ತಿರುವವರು ಯಾರು? ಇದು ಪ್ರಶ್ನೆ.

ಅನುಮಾನ ನಡುವಿನ ದೊಡ್ಡ ಗೆಲಾಕ್ಸಿಯ ಮೇಲಿತ್ತು. ಅದರ ಹೊಟ್ಟೆಯಲ್ಲಿ ಒಂದು ಕಪ್ಪುಕುಳಿ. ಅದು ಎರಡು ದಿಕ್ಕಿಗೂ ಜೆಟ್‌ಗಳನ್ನು, ಅಂದರೆ ಬೆಳಕಿನ ವೇಗಕ್ಕೆ ಹತ್ತಿರದ ಕಣಗಳ ಚಿಲುಮೆಗಳನ್ನು ಚಿಮ್ಮಿಸುತ್ತದೆ. ಆ ಕಣಗಳಿಂದ ರೇಡಿಯೋ ತರಂಗ ಹೊರಡುತ್ತದೆ. ಜೆಟ್‌ಗಳು ಅನಿಲವನ್ನು ತಳ್ಳಿ, ಕಲಕಿ, ಬಿಸಿಯಾಗಿಡುತ್ತವೆ ಎಂದು ಕೆಲವರು. ಇಲ್ಲ, ಬಟ್ಟೆಯಲ್ಲಿ ಸೂಜಿ ತೂರಿದ ಹಾಗೆ ತೂರಿ ಹೋಗುತ್ತವೆ, ಅನಿಲಕ್ಕೆ ಏನೂ ಆಗುವುದಿಲ್ಲ ಎಂದು ಕೆಲವರು. ಆಗಷ್ಟೇ ಹೊರದೇಶದ ಒಂದು ಉಪಗ್ರಹದ ಚಿತ್ರ ನಮ್ಮ ಕೈಗೆ ಬಂದಿತ್ತು. ಅದರಲ್ಲಿ ಅನಿಲ ಒಂದು ಕಡೆ ನಾಲಿಗೆ ಚಾಚಿದಂತೆ ಮೇಲೆದ್ದಿತ್ತು. ಬಹಳ ಹಿಂದೆ ಜೆಟ್ ಉಗುಳಿದ ಹಳೆಯ ಕಣಗಳ ಮೋಡ ಅದೇ ಜಾಗದಲ್ಲಿ ಇದ್ದರೆ, ಅನಿಲವನ್ನು ಎತ್ತಿದ್ದು ಅದೇ ಎನ್ನಬಹುದು. ಹಳೆಯ ಕಣಗಳ ಶಕ್ತಿ ಸೋರಿ ಹೋಗಿರುವುದರಿಂದ ಆ ಮೋಡ ಉದ್ದನೆಯ ಅಲೆಗಳಲ್ಲಷ್ಟೇ ಮಿನುಗುತ್ತದೆ. ಉದ್ದನೆಯ ಅಲೆ ಹಿಡಿಯಲು ದೊಡ್ಡ ಬಟ್ಟಲಿನಂಥ ಆಂಟೆನಾ ಬೇಡ, ನಮ್ಮಂತಹ ತಂತಿ ಸಾಕು. ಹೆಮ್ಮೆಪಡಲು ನಮಗಿದ್ದದ್ದು ಇದೊಂದೇ.

ನಮ್ಮ ತಂತಿಗಳು ಅತ್ತಿತ್ತ ತಿರುಗುವಂಥವಲ್ಲ. ಗುಚ್ಛ ದಿನಕ್ಕೊಮ್ಮೆ ನೆತ್ತಿಯ ಮೇಲೆ ದಾಟುವಾಗ ಹಿಡಿಯಬೇಕು, ದಿನ ದಿನದ ಗೆರೆಗಳನ್ನು ಕೂಡಿಸಿ ಸರಾಸರಿ ತೆಗೆದರೆ ಮಾತ್ರ ನಡುವಿನ ಗೆಲಾಕ್ಸಿಯ ದೊಡ್ಡ ಗುಡ್ಡದ ಪಕ್ಕದಲ್ಲಿ ಮಂಕು ಮೋಡದ ಸಣ್ಣ ದಿಬ್ಬ ಕಾಣುತ್ತದೆ. ಅದು ದಾಟುವ ಹೊತ್ತು ದಿನಕ್ಕೆ ನಾಲ್ಕು ನಿಮಿಷದಂತೆ ಹಿಂದಕ್ಕೆ ಸರಿಯುತ್ತದೆ. ಡಿಸೆಂಬರಿನ ನಡುವೆ ಸೂರ್ಯ ಹುಟ್ಟಿದ ಮೇಲೆ ದಾಟುತ್ತಿದ್ದದ್ದು ತಿಂಗಳ ಕೊನೆಗೆ ಬೆಳಗಿನ ಜಾವಕ್ಕೆ ಬರುತ್ತದೆ. ಸೂರ್ಯ ಹುಟ್ಟುವ ಮುಂಚೆ ಮೇಲಿನ ಗಾಳಿ ಶಾಂತ. ಅದರ ಮೇಲೆ, ಸೂರ್ಯನ ಕಲೆಗಳು ಅಳಿದು ಆಕಾಶವೇ ತಣ್ಣಗಿರುವ ವರ್ಷಗಳು ಅವು. ಹನ್ನೊಂದು ವರ್ಷಕ್ಕೊಮ್ಮೆ ಬರುತ್ತವೆ. ಬಿಟ್ಟರೆ ನನ್ನ ತಲೆಯಲ್ಲಿ ನರೆ ಬರುವವರೆಗೆ ಕಾಯಬೇಕು. ಇಷ್ಟೆಲ್ಲ ಕೂಡಿ ಬಂದಾಗ ಪೆನ್ನು ಕುಣಿಯುತ್ತಿತ್ತು.

ಮೊದಲು ಜೀಪಿನ ಮೇಲೆ ಅನುಮಾನ ಬಂತು. ಆ ಹೊತ್ತಿಗೆ ಅದನ್ನು ಮುಟ್ಟಬೇಡ ಎಂದು ಚಾಲಕನಿಗೆ ಕಟ್ಟಪ್ಪಣೆ ಮಾಡಿದೆ. ಗೆರೆ ಹಾಗೇ ಇತ್ತು. ಡೇರಿಯಲ್ಲಿ ಹಾಲಿನ ಕೊಬ್ಬು ಅಳೆಯುವ ಯಂತ್ರ ಇರಬಹುದೇ ಎಂದು ಹೋಗಿ ನಿಂತೆ. ಹಾಲಿನವರು ಸಾಲಿನಲ್ಲಿ ನನ್ನನ್ನೂ ನಿಲ್ಲಿಸಿ, "ತಂಬಿಗೆ ಎಲ್ಲಮ್ಮ?" ಎಂದರು. ಅಲ್ಲೂ ಅಲ್ಲ. ಒಂದು ಬೆಳಿಗ್ಗೆ ಊರಿಗೆಲ್ಲ ಕರೆಂಟು ಹೋಯಿತು. ನಾವು ಬ್ಯಾಟರಿಯಲ್ಲಿ ನಡೆಸುತ್ತಿದ್ದೆವು. ಅವತ್ತು ಗೆರೆ ಬೆಣ್ಣೆಯ ಹಾಗೆ ಏರಿ ಇಳಿಯಿತು. ಅಂದರೆ ಊರೊಳಗೆ ಕರೆಂಟಿನಲ್ಲಿ ಓಡುವ ಯಾವುದೋ ಒಂದು ವಸ್ತು ಬೆಳಗಿನ ಜಾವಕ್ಕಷ್ಟೇ ಎದ್ದು ಕಿಡಿ ಕಾರುತ್ತಿದೆ ಎಂದಾಯಿತು.

ಬಳೆಯಾಕಾರದ ಒಂದು ಆಂಟೆನಾ ಕಟ್ಟಿ, ಕೈಯಲ್ಲಿ ಹಿಡಿಯುವ ರಿಸೀವರಿಗೆ ಜೋಡಿಸಿ, ಕಿವಿಗೆ ಹೆಡ್‌ಫೋನು ಹಾಕಿಕೊಂಡು ಊರಿಗೆ ಹೊರಟೆ. ಬಳೆಯನ್ನು ತಿರುಗಿಸುತ್ತ ಹೋದರೆ ಒಂದು ದಿಕ್ಕಿನಲ್ಲಿ ಗರಗರ ಸದ್ದು ಬತ್ತಿ ಹೋಗುತ್ತದೆ. ಮೂಲ ಎಲ್ಲಿದೆ ಎಂದು ಅದರಿಂದ ಹೇಳಬಹುದು. ಒಂದು ಬೆಳಿಗ್ಗೆ ಕೆರೆ ಏರಿಯಿಂದ ಊರಿನ ನಕ್ಷೆಯ ಮೇಲೆ ಒಂದು ಗೆರೆ ಎಳೆದುಕೊಂಡೆ, ಇನ್ನೊಂದು ಬೆಳಿಗ್ಗೆ ಶಾಲೆಯ ಮುಂದಿನಿಂದ ಇನ್ನೊಂದು. ಎರಡೂ ಅರಳಿಕಟ್ಟೆಯ ಹಿಂದೆ ಕೂಡಿದವು. ಅಲ್ಲಿ ವೇಣುಗೋಪಾಲಸ್ವಾಮಿ ಗುಡಿ.

ಧನುರ್ಮಾಸ. ನಸುಕಿನಲ್ಲೇ ಪೂಜೆ, ನೈವೇದ್ಯಕ್ಕೆ ಬಿಸಿ ಹುಗ್ಗಿ. ಮಂಗಳಾರತಿ ನಡೆಯುತ್ತಿತ್ತು. ನವರಂಗದ ಮೂಲೆಯಲ್ಲಿ ಕೆಂಪು ಬಣ್ಣ ಬಳಿದ ಕಬ್ಬಿಣದ ಚೌಕಟ್ಟು. ಅದರಲ್ಲಿ ಎರಡು ನಗಾರಿ, ಒಂದು ಜಾಗಟೆ, ಮೇಲೆ ಸಾಲು ಗಂಟೆ, ಕೆಳಗೆ ಒಂದು ಮೋಟಾರು. ಸ್ವಿಚ್ ಒತ್ತಿದರೆ ಎಲ್ಲವೂ ತಮ್ಮಷ್ಟಕ್ಕೆ ಬಡಿದುಕೊಳ್ಳುತ್ತವೆ. ಆಗ ಊರೂರಿಗೆ ಇಂಥವು ಬರುತ್ತಿದ್ದವು. ಬಗ್ಗಿ ನೋಡಿದರೆ ಮೋಟಾರು ಹೊಲಿಗೆ ಯಂತ್ರದ ಜಾತಿಯದು. ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ, ಸವೆದ ಇದ್ದಿಲ ಬ್ರಷ್ಷುಗಳಿಂದ ನೀಲಿ ಕಿಡಿ ಜರಜರನೆ ಉದುರುತ್ತಿತ್ತು. ನಾವು ಸೂರ್ಯನನ್ನು ತಪ್ಪಿಸಿಕೊಂಡು ನಸುಕಿಗೆ ಬಂದರೆ, ಅದೇ ಸೂರ್ಯ ಹುಟ್ಟುವ ಮುಂಚೆಯೇ ಪೂಜೆ ಆಗಬೇಕೆಂಬ ನಿಯಮ ನಮ್ಮ ಎದುರಿಗೆ ನಿಂತಿತ್ತು.

ಅರ್ಚಕರು ಅರವತ್ತು ದಾಟಿದವರು, ತಮಾಷೆಯವರು. ಹೆಡ್‌ಫೋನು ಹಾಕಿಕೊಂಡು ಮಂಗಳಾರತಿಗೆ ಬಂದವಳನ್ನು ನೋಡಿ, "ಧನುರ್ಮಾಸದಲ್ಲಿ ಬೆಳಿಗ್ಗೆ ಗುಡಿಗೆ ಬಂದ್ರೆ ಯುಗಾದಿ ಹೊತ್ಗೆ ಒಳ್ಳೆ ಗಂಡ ಸಿಗ್ತಾನೆ ಕಣಮ್ಮ. ಆದ್ರೆ ದೇವ್ರು ಹೇಳೋದು ಕೇಳ್ಸಬೇಕಾದ್ರೆ ಕಿವೀದು ತೆಗೀಬೇಕು" ಎಂದರು.

ವಿಷಯ ವಿವರಿಸಿದೆ. ಮೆಷಿನ್ನು ಒಂದು ತಿಂಗಳು ನಿಲ್ಲಿಸಲು ಆಗುತ್ತದೆಯೇ ಎಂದು ಕೇಳಿದೆ.

"ಮಂಗಳಾರತಿಗೆ ವಾದ್ಯ ಇಲ್ದಿದ್ರೆ ಹೆಂಗಮ್ಮ? ನನ್ಗೋ ಒಂದು ಕೈಲಿ ಆರತಿ, ಒಂದು ಕೈಲಿ ಗಂಟೆ. ಮೂರನೇ ಕೈ ದೇವ್ರೇ ಕೊಡ್ಬೇಕು."

"ಮೆಷಿನ್ ಬರೋಕೆ ಮುಂಚೆ ಯಾರು ಬಾರಿಸ್ತಿದ್ರು ಸ್ವಾಮಿ?"

ಅರ್ಚಕರ ಮುಖದ ತಮಾಷೆ ಸ್ವಲ್ಪ ಇಳಿಯಿತು. "ಇದಾನಲ್ಲ, ಡೋಲಿನೋನು. ಅವರಪ್ಪನ ಕಾಲದಿಂದ ಅವ್ರದ್ದೇ. ನಮ್ಮೂರಿನ ಒಬ್ರು ಬೆಂಗಳೂರಲ್ಲಿ ಗುತ್ತಿಗೆ ಹಿಡಿದು ಚೆನ್ನಾಗಾದ್ರು, ಹೋದ ವರ್ಷ ಈ ಮೆಷಿನ್ ಕೊಟ್ರು. ಬೇಡ ಅನ್ನಕ್ಕಾಗುತ್ತಾ?"

ಡೋಲಿನವರ ಮನೆಗೆ ನಾನೇ ಹೋದೆ. ಐವತ್ತರ ಆಸುಪಾಸಿನ, ಮಾತು ಕಮ್ಮಿಯ ಮನುಷ್ಯ. ಹೊಸಕೋಟೆ ತರಕಾರಿ ಮಂಡಿಯಲ್ಲಿ ಮೂಟೆ ಇಳಿಸುವ ಕೆಲಸಕ್ಕೆ ಹೋಗುತ್ತಿದ್ದರು. ಬೆಳಗಿನ ಮೊದಲ ಬಸ್ಸಿಗೆ ಹೊರಟರೆ ಮಾತ್ರ ಅಲ್ಲಿ ಕೆಲಸ. ಡೋಲು ಅಟ್ಟದ ಮೇಲಿತ್ತು.

"ಮೆಷಿನ್ ಕೆಟ್ಟೋಯ್ತಾ?" ಎಂದರು.

"ಇಲ್ಲ, ನಿಲ್ಲಿಸ್ತಿದೀವಿ. ನೀವು ಬಂದು ಬಾರಿಸ್ಬೇಕು."

ಅವರು ತಲೆಯೆತ್ತಿ ಅಟ್ಟದ ಕಡೆ ನೋಡಿದರು. ಒಳಗಿನಿಂದ ಹೆಂಡತಿ, "ಹೂಂ ಅನ್ನಿ ಮತ್ತೆ. ಅದು ಅಟ್ಟ ಹತ್ತಿದಾಗ್ಲಿಂದ ನೀವೂ ಮೂಗ್ರಂಗೆ ಕೂತಿದೀರ" ಎಂದಳು.

"ಮಂಡೀಲಿ ನಾಲ್ಕು ದಿನ ಹೋಗ್ದಿದ್ರೆ ನನ್ ಜಾಗಕ್ಕೆ ಇನ್ನೊಬ್ಬ ನಿಂತ್ಕೋತಾನೆ ಕಣಮ್ಮ. ಆಮೇಲೆ ಇವ್ರು ಮತ್ತೆ ಮೆಷಿನ್ ಶುರು ಹಚ್ಕೊಂಡ್ರೆ?"

"ಹಚ್ಚಲ್ಲ. ನಾವು ಇಲ್ಲಿರೋವರೆಗೂ ಅದು ಓಡಲ್ಲ. ನಾನು ನೋಡ್ಕೋತೀನಿ."

ಎಷ್ಟು ಸಲೀಸಾಗಿ ಬಂತು ಆ ಮಾತು. ಯಾರನ್ನೂ ಕೇಳಿರಲಿಲ್ಲ; ಮುಖ್ಯಸ್ಥರನ್ನಲ್ಲ, ಊರಿನವರನ್ನಲ್ಲ, ಮೆಷಿನ್ನು ಕೊಟ್ಟವರನ್ನಂತೂ ಅಲ್ಲವೇ ಅಲ್ಲ. ಆದರೆ ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಅನಿಸಿರಲಿಲ್ಲ. ದೂರದರ್ಶಕ ಇನ್ನೂ ಹತ್ತಾರು ವರ್ಷ ಇಲ್ಲೇ ಇರುತ್ತದೆ, ಅಷ್ಟು ಕಾಲವೂ ಮೆಷಿನ್ನು ನಿಂತಿರುತ್ತದೆ, ಊರಿಗೂ ನಮಗೂ ಇವರಿಗೂ ಒಳ್ಳೆಯದೇ ಎಂದು ನಂಬಿದ್ದೆ. ಒಂದೇ ಕಲ್ಲಿಗೆ ಎರಡು ಹಕ್ಕಿ ಎಂದು ಬೀಗಿಕೊಂಡು ಕೇಂದ್ರಕ್ಕೆ ಮರಳಿದ್ದೂ ನೆನಪಿದೆ.

ಡೋಲಿನವರು ಒಪ್ಪಿ, ಮಾಲೂರಿಗೆ ಹೋಗಿ ಡೋಲಿಗೆ ಹೊಸ ಚರ್ಮ ಕಟ್ಟಿಸಿಕೊಂಡು ಬಂದರು. ವಾದ್ಯಕ್ಕೆ ಜನ ಸಿಕ್ಕರೆಂದು ಅರ್ಚಕರು ಮೆಷಿನ್ನಿನ ಮೇಲೆ ಗೋಣಿತಾಟು ಹೊದಿಸಿದರು. ಆಮೇಲಿನ ಬೆಳಗುಗಳನ್ನು ನಾನು ಮರೆಯಲಾರೆ. ಕಿಟಕಿ ತೆರೆದರೆ ಮಂಜಿನೊಳಗಿಂದ ಡೋಲು ಕೇಳುತ್ತಿತ್ತು. ಮೊದಲು ನಿಧಾನವಾಗಿ, ದೇವರನ್ನು ಎಬ್ಬಿಸುವುದೋ ಬೇಡವೋ ಎಂಬಂತೆ ಎರಡು ಪೆಟ್ಟು. ಅರ್ಚಕರ ಗಂಟೆ ಸೇರಿಕೊಂಡ ಮೇಲೆ ತಾಳ ಬಿಗಿಯುತ್ತಿತ್ತು. ನನ್ನ ಮುಂದೆ ಕಾಗದದ ಮೇಲೆ ಪೆನ್ನು ಒಂದು ಕೂದಲೆಳೆಯಷ್ಟೂ ಅದುರದೆ ಗುಡ್ಡ ಹತ್ತಿ ಇಳಿಯುತ್ತಿತ್ತು. ಕಿವಿಗೆ ಅಷ್ಟು ದೊಡ್ಡ ಸದ್ದು, ತಂತಿಗೆ ಏನೂ ಇಲ್ಲ. ಆ ಖುಷಿಯಲ್ಲಿ ನಾನು ಬೆರಳಲ್ಲಿ ಮೇಜು ಬಡಿದು ತಾಳ ಹಾಕುತ್ತಿದ್ದೆ. ಚಾಲಕನ ಗೋವಿಂದಾ ನಿಂತಿತು.

ಗೆರೆಗಳನ್ನು ಕೂಡಿಸುತ್ತ ಹೋದಂತೆ ಗುಡ್ಡದ ಒಂದು ಪಕ್ಕದಲ್ಲಿ ದಿಬ್ಬ ಮೂಡತೊಡಗಿತು. ಉಪಗ್ರಹದ ಚಿತ್ರದಲ್ಲಿ ಅನಿಲ ನಾಲಿಗೆ ಚಾಚಿದ್ದ ಪಕ್ಕವೇ ಅದು. ಮುಖ್ಯಸ್ಥರು ಬಂದು ನೋಡಿ, ಕನ್ನಡಕ ತೆಗೆದು ಒರೆಸಿ, ಮತ್ತೆ ನೋಡಿದರು. "ಇನ್ನೂ ಸಾಲದು. ಇಂಥ ಶುಚಿ ಗೆರೆ ಇನ್ನಷ್ಟು ಬೇಕು. ಇಲ್ಲದಿದ್ದರೆ ಯಾರೂ ನಂಬಲ್ಲ" ಎಂದರು.

ಗುಡಿಯ ಅಡುಗೆಮನೆಯ ಬಾಗಿಲಲ್ಲಿ ಕುಳಿತು ಅರ್ಚಕರಿಗೂ ಹೇಳಿದೆ. ಒಲೆಯ ಮೇಲೆ ಹುಗ್ಗಿ ಕೊತಕೊತ ಕುದಿಯುತ್ತಿತ್ತು. ಜೆಟ್ ಉಗುಳಿದ ಗುಳ್ಳೆ ಹೀಗೇ ಮೇಲೇರುತ್ತದೆ, ಏರುವಾಗ ಸುತ್ತಲಿನ ಅನಿಲವನ್ನು ತಳ್ಳುತ್ತದೆ, ತಳದ್ದನ್ನು ಎತ್ತಿಕೊಂಡು ಬರುತ್ತದೆ, ಅದಕ್ಕೇ ಆ ಅನಿಲ ಆರಿ ತಳ ಸೇರುವುದಿಲ್ಲ ಎಂದು ನಮ್ಮ ಊಹೆ ಎಂದೆ. ಅವರು ಸೌಟಾಡಿಸುತ್ತ, "ತಳ ಹಿಡೀದೇ ಇರ್ಲಿ ಅಂತ ಅಲ್ಲೂ ಯಾರೋ ಕೈಯಾಡಿಸ್ತಾ ಇದಾರೆ ಅನ್ನು" ಎಂದರು. ಅಷ್ಟು ಚೆನ್ನಾಗಿ ನಮ್ಮ ಯೋಜನಾ ವರದಿಯಲ್ಲೂ ಬರೆದಿರಲಿಲ್ಲ.

ವೈಕುಂಠ ಏಕಾದಶಿ ಬಂತು. ಮೆಷಿನ್ನು ಕೊಟ್ಟ ಗುತ್ತಿಗೆದಾರರು ಬೆಂಗಳೂರಿನಿಂದ ಕುಟುಂಬ ಸಮೇತ ಕಾರಿನಲ್ಲಿ ಬಂದಿಳಿದರು. ಗೋಣಿತಾಟು ಕಂಡರು. ಅವತ್ತು ನಾನು ಗೆರೆ ನೋಡುತ್ತ ಕೂತಿದ್ದವಳು, ಪೆನ್ನು ಇದ್ದಕ್ಕಿದ್ದಂತೆ ಚಚ್ಚಿಕೊಳ್ಳತೊಡಗಿದಾಗಲೇ ಏನಾಯಿತೆಂದು ತಿಳಿದು ಜೀಪು ಹತ್ತಿದೆ.

"ಗೋಣಿ ಹೊದ್ಸಕ್ಕೇನ್ರೀ ನಾನು ಇದನ್ನ ತಂದ್ಕೊಟ್ಟಿದ್ದು?" ಗುತ್ತಿಗೆದಾರರು ಎಲ್ಲರೆದುರು ನನ್ನನ್ನು ಕೇಳಿದರು. "ಆಕಾಶ ನೋಡೋರಿಗೆ ದೇವ್ರ ವಾದ್ಯ ಅಡ್ಡ ಬರುತ್ತಾ? ನಿಮ್ ಕಂಬ ಅರ್ಧ ನಮ್ ದೊಡ್ಡಪ್ಪನ ಹೊಲದಾಗೆ ನೆಟ್ಟವ್ರೆ. ನಾವೇನಾದ್ರೂ ಅಡ್ಡ ಬಂದ್ವಾ?"

ಬಂದಿರಲಿಲ್ಲ. ಅದು ನಿಜ. ಮೆಷಿನ್ನು ಹಬ್ಬದ ದಿನವೆಲ್ಲ ಓಡಿತು, ಮರುದಿನವೂ ಓಡಿತು, ಆಮೇಲೂ ಓಡಿತು. ಡೋಲಿನವರು ಬೆಳಿಗ್ಗೆ ಡೋಲಿನೊಂದಿಗೆ ಬಂದು ಗುಡಿಯ ಕಂಬದ ಪಕ್ಕ ನಿಂತು, ಮೆಷಿನ್ನು ನಿಂತ ಮೇಲೆ ಹೋಗುತ್ತಿದ್ದರು. ನನ್ನ ಕಡೆ ನೋಡಿದಾಗ ನಾನು, "ಇರಿ, ಮಾತಾಡ್ತಿದೀವಿ" ಎನ್ನುತ್ತಿದ್ದೆ.

ಮುಖ್ಯಸ್ಥರು ಕೇಂದ್ರಕ್ಕೆ ಬಂದರು. ರೇಡಿಯೋ ವೀಕ್ಷಣೆಗೆ ತೊಂದರೆ ಕೊಡುವ ಯಂತ್ರದ ಮೇಲೆ ದೂರು ಕೊಡಬಹುದು, ತಹಸೀಲ್ದಾರರಿಂದ ನೋಟಿಸು ಕಳಿಸಬಹುದು ಎಂದರು. ಎದ್ದು ಹೋಗಿ ಕಿಟಕಿಯಿಂದ ಗುತ್ತಿಗೆದಾರರ ದೊಡ್ಡಪ್ಪನ ಹೊಲದಲ್ಲಿದ್ದ ಕಂಬಗಳ ಸಾಲು ನೋಡಿ ಬಂದು ಕೂತರು. ಆ ಸಾಲು ಹೋದರೆ ಹರಡಿಕೊಂಡ ಮಂಕು ಮೋಡ ಹಿಡಿಯಲು ಬೇರೆ ದಾರಿಯಿರಲಿಲ್ಲ. "ಸಂಕ್ರಾಂತಿ ಆದ್ಮೇಲೆ ಗುಚ್ಛ ಇನ್ನೂ ಮುಂಚೆ ದಾಟುತ್ತೆ, ಅಷ್ಟು ಹೊತ್ತಿಗೆ ಪಂಪ್‌ಸೆಟ್ಟಿಗೆ ತ್ರೀ-ಫೇಸ್ ಕರೆಂಟು ಬಿಡ್ತಾರೆ, ಆ ಗದ್ದಲ ಬೇರೆ. ಇರೋದು ಈ ದಿನಗಳೇ. ನೀವೇ ಏನಾದ್ರೂ ಯೋಚನೆ ಮಾಡಿ" ಎಂದರು.

ಯೋಚನೆ ಮಾಡುವುದಕ್ಕೆ ಏನೂ ಇರಲಿಲ್ಲ. ಪರಿಹಾರ ಮೊದಲ ದಿನವೇ ನನಗೆ ಗೊತ್ತಿತ್ತು. ಬ್ರಷ್ಷು ಕಿಡಿ ಕಾರಿದರೆ ಬ್ರಷ್ಷು ಬದಲಿಸಬೇಕು, ಕಿಡಿಯ ಗದ್ದಲ ಹೀರಲು ಕೆಪಾಸಿಟರು ಕಟ್ಟಬೇಕು, ಅದು ತಂತಿಯಲ್ಲಿ ಹರಿಯದಂತೆ ಚೋಕು ಹಾಕಬೇಕು, ಲೋಹದ ಪೆಟ್ಟಿಗೆಯಲ್ಲಿ ಮುಚ್ಚಬೇಕು. ಡಿಪ್ಲೊಮಾ ಓದುವ ಹುಡುಗರೂ ಮಾಡುತ್ತಾರೆ. ಊರಿನವರ ವಸ್ತುವಿಗೆ ಕೈ ಹಾಕುವುದು ಬೇಡ, ನಿಲ್ಲಿಸಲು ಕೇಳಿದರೆ ಸಾಕು ಎಂದುಕೊಂಡಿದ್ದೆ. ಡೋಲಿನವರು ಒಪ್ಪಿದ ಮೇಲೆ ಪರಿಹಾರ ಬೇಕಾಗಿಯೇ ಇರಲಿಲ್ಲ. ಈಗ ಬೇಕಾಗಿತ್ತು. ಮಾಡಿದರೆ ಗುತ್ತಿಗೆದಾರರಿಗೆ ಮೆಷಿನ್ನು, ನಮಗೆ ಗೆರೆ, ಅರ್ಚಕರಿಗೆ ಮೂರನೇ ಕೈ. ಡೋಲಿನವರಿಗೆ ಏನೂ ಉಳಿಯುವುದಿಲ್ಲ. ಮಂಡಿಯ ಜಾಗಕ್ಕೆ ಆಗಲೇ ಬೇರೆಯವನು ಬಂದಿದ್ದಾನೆಂದು ಚಾಲಕ ಹೇಳಿದ್ದ.

ಗುಡಿಗೆ ಹೋದೆ. ಹಬ್ಬಕ್ಕೆ ಬಂದ ಗುತ್ತಿಗೆದಾರರು ಇನ್ನೂ ಊರಲ್ಲೇ ಇದ್ದರು, ಅರಳಿಕಟ್ಟೆಯ ಮೇಲೆ ಕೂತಿದ್ದರು. "ಮೆಷಿನ್ ನಿಲ್ಲಿಸೋದು ಬೇಡ ಸರ್. ನಾನೇ ರಿಪೇರಿ ಮಾಡಿಕೊಡ್ತೀನಿ. ಆಮೇಲೆ ಎಷ್ಟು ಹೊತ್ತು ಓಡಿದ್ರೂ ನಮ್ಗೆ ತೊಂದ್ರೆ ಇಲ್ಲ" ಎಂದೆ.

"ನೋಡಿ, ಇದು ಮಾತು!" ಎಂದು ಅವರು ನಕ್ಕರು.

ಹೇಳಿ ತಿರುಗಿದರೆ ಬಾಗಿಲ ಕಂಬದ ಪಕ್ಕ ಡೋಲಿನವರು ನಿಂತಿದ್ದರು. ಪೂರ್ತಿ ಕೇಳಿಸಿಕೊಂಡಿದ್ದರು. ಹೆಗಲ ಮೇಲಿನ ಡೋಲಿನ ಪಟ್ಟಿಯನ್ನು ಒಂದು ಸಲ ಸರಿ ಮಾಡಿಕೊಂಡರು, ಅಷ್ಟೇ. ನಾನು ಹತ್ತಿರ ಹೋಗಿ ಏನಾದರೂ ಹೇಳಬೇಕಿತ್ತು. ಟೂಲ್ ಬಾಕ್ಸ್ ತರುತ್ತೇನೆಂದು ಜೀಪಿನ ಕಡೆ ನಡೆದೆ.

ಕೆಲಸ ಮಾತ್ರ ಅಚ್ಚುಕಟ್ಟಾಗಿ ಮಾಡಿದೆ. ಕೆಟ್ಟದಾಗಿ ಮಾಡಿದ್ದರೆ ಈಗ ಮನಸ್ಸಿಗೆ ಹಗುರವಾಗಿರುತ್ತಿತ್ತೇನೋ. ಬ್ರಷ್ಷು ಬದಲಿಸಿ, ಅದು ಉಜ್ಜುವ ತಾಮ್ರದ ಬಿಲ್ಲೆಯನ್ನು ನುಣ್ಣಗೆ ತಿಕ್ಕಿ, ಎರಡೂ ಬ್ರಷ್ಷಿನಿಂದ ಮೋಟಾರಿನ ಮೈಗೆ ಕೆಪಾಸಿಟರು ಬೆಸೆದೆ. ಆದರೂ ರಿಸೀವರಿನಲ್ಲಿ ಸಣ್ಣಗೆ ಗರಗರ ಉಳಿದಿತ್ತು. ಮೋಟಾರಿಗೆ ಒಳ್ಳೆಯ ಅರ್ಥಿಂಗ್, ಅಂದರೆ ಆ ಗದ್ದಲ ನೆಲಕ್ಕಿಳಿಯುವ ದಾರಿ ಬೇಕು, ಅದಕ್ಕೆ ಸದಾ ಒದ್ದೆಯಿರುವ ಮಣ್ಣು ಬೇಕು. ಗುಡಿಯಲ್ಲಿ ಅಂಥ ಮಣ್ಣಿದ್ದದ್ದು ಅಭಿಷೇಕದ ನೀರು ಹೊರಗೆ ಬೀಳುವ ಗೋಮುಖದ ಕೆಳಗೆ. ಅಲ್ಲಿ ಕಬ್ಬಿಣದ ಸರಳು ಹೊಡೆಯಲು ಹೋದಾಗ ಅರ್ಚಕರು ಓಡಿ ಬಂದರು. "ತೀರ್ಥ ಬೀಳೋ ಜಾಗದಲ್ಲಿ ಕಬ್ಬಿಣನಾ? ಏನಮ್ಮ ನೀನು!" ತಾಮ್ರವಾದರೆ ಆಗಬಹುದು ಎಂದು ಆಮೇಲೆ ಅವರೇ ಹೇಳಿದರು. ತಾಮ್ರವೇ ನಮಗೂ ಉತ್ತಮ. ಕೇಂದ್ರದಿಂದ ತಾಮ್ರದ ಸರಳು ತರಿಸಿ ಹೊಡೆದೆ. ಸ್ವಿಚ್ ಒತ್ತಿದಾಗ ನಗಾರಿ, ಜಾಗಟೆ, ಗಂಟೆ ಎಲ್ಲವೂ ಕಿವಿ ಗಡಚಿಕ್ಕುವಂತೆ ಬಡಿದವು. ರಿಸೀವರಿನಲ್ಲಿ ಏನೂ ಇರಲಿಲ್ಲ.

"ಅವರೂ ಜೊತೆಗೆ ಬಾರಿಸ್ಲಿ ಸ್ವಾಮಿ" ಎಂದು ಅರ್ಚಕರನ್ನು ಕೇಳಿದೆ.

"ಎರಡೂ ಸೇರಿದ್ರೆ ತಾಳ ಸಿಗಲ್ಲ ಕಣಮ್ಮ. ಮೆಷಿನ್ನು ಯಾರಿಗೂ ಕಾಯಲ್ಲ" ಎಂದರು. ಅವರ ದನಿಯಲ್ಲೂ ಸಂತೋಷವಿರಲಿಲ್ಲ.

ಉಳಿದ ಬೆಳಗುಗಳಲ್ಲಿ ಗೆರೆಗಳು ಒಂದಕ್ಕಿಂತ ಒಂದು ಶುಚಿಯಾಗಿ ಬಂದವು. ನಾನು ಕಿಟಕಿ ತೆರೆಯುತ್ತಿರಲಿಲ್ಲ, ಚಳಿ ಎಂದು ಎಲ್ಲರಿಗೂ ಹೇಳಿದ್ದೆ. ಅರ್ಚಕರು ಚಾಲಕನ ಕೈಯಲ್ಲಿ ದಿನವೂ ಒಂದು ಡಬ್ಬಿ ಹುಗ್ಗಿ ಕಳಿಸತೊಡಗಿದರು. ತುಪ್ಪ ತೇಲುವ, ಮೆಣಸು ಸಿಡಿಸಿದ ಬಿಸಿ ಹುಗ್ಗಿ. ಗೆರೆ ಮುಗಿದ ಮೇಲೆ ಎಲ್ಲರೂ ಮೇಜಿನ ಸುತ್ತ ನಿಂತು ತಿನ್ನುತ್ತಿದ್ದೆವು. ನಾನೂ ತಿನ್ನುತ್ತಿದ್ದೆ, ಎರಡನೇ ಸಲವೂ ಹಾಕಿಸಿಕೊಳ್ಳುತ್ತಿದ್ದೆ.

ಧನುರ್ಮಾಸದ ಕೊನೆಯ ಬೆಳಿಗ್ಗೆ ಗೆರೆ ಮುಗಿಸಿಕೊಂಡು, ಅರ್ಚಕರಿಗೆ ಕೃತಜ್ಞತೆ ಹೇಳಲು ನಾನೇ ಗುಡಿಗೆ ಹೋದೆ. ಡಬ್ಬಿ ತುಂಬಿಸಿ ಇಟ್ಟಿದ್ದರು.

"ದಿನಾ ಇಷ್ಟೊಂದು ಕಳಿಸ್ತೀರಲ್ಲ ಸ್ವಾಮಿ, ಬೇರೆಯವರಿಗೆ ಕಮ್ಮಿ ಆಗಲ್ವಾ?"

"ಕಮ್ಮಿ ಏನಿಲ್ಲಮ್ಮ. ಡೋಲಿನ ಪಾಲು ಇದು. ನೈವೇದ್ಯ ಆದ್ಮೇಲೆ ಮೊದಲ್ನೇ ಸೌಟು ಪೂಜೆ ಮಾಡಿದೋರ್ಗೆ, ಎರಡನೇ ಸೌಟು ವಾದ್ಯದೋರ್ಗೆ. ಮೊದ್ಲಿಂದ ನಡ್ಕೊಂಡು ಬಂದಿದ್ದು. ಈಗ ವಾದ್ಯ ನೋಡ್ಕೊಳೋರು ನೀವೇ ತಾನೇ."

ಡಬ್ಬಿ ಹಿಡಿದುಕೊಂಡು ನೇರ ಡೋಲಿನವರ ಮನೆಗೆ ನಡೆದೆ. ಅವರು ಜಗಲಿಯ ಮೇಲೆ ಕೂತು ಡೋಲಿಗೆ ಹಳೆಯ ಸೀರೆ ಸುತ್ತುತ್ತಿದ್ದರು. ಹೊಸ ಚರ್ಮ ಇನ್ನೂ ಬೆಳ್ಳಗಿತ್ತು.

"ನಿಮ್ಮ ಪಾಲು" ಎಂದು ಡಬ್ಬಿಯನ್ನು ಪಕ್ಕದಲ್ಲಿಟ್ಟೆ.

ಮುಚ್ಚಳ ತೆಗೆದು ನೋಡಿದರು, ಮತ್ತೆ ಮುಚ್ಚಿದರು. "ಬಾರ್ಸಿದೋರ್ ಪಾಲು ಇದು. ನಾನು ಬಾರ್ಸಿಲ್ವಲ್ಲ."

"ನನ್ನಿಂದ ಹೀಗಾಯ್ತು. ಮಾತು ಕೊಟ್ಟಿದ್ದೆ ನಿಮ್ಗೆ. ಕೇಂದ್ರದಲ್ಲಿ ಕಂಬ ನೆಡೋ ಕೆಲಸ ಬರುತ್ತೆ, ನಾನು ಹೇಳ್ತೀನಿ."

"ಕೂಲಿ ಎಲ್ಲಾದ್ರೂ ಸಿಗುತ್ತೆ, ಬಿಡಮ್ಮ." ಸೀರೆಯ ಸೆರಗನ್ನು ಒಳಕ್ಕೆ ಸಿಕ್ಕಿಸಿದರು. "ಒಂದ್ ಮಾತು ಕೇಳ್ತೀನಿ. ನಿಮ್ ತಂತೀಗೆ ಆ ಮೆಷಿನ್ ಕೇಳ್ಸ್ತಿತ್ತು ಅಂದ್ರಲ್ಲ. ನನ್ ಡೋಲು ಕೇಳ್ಸ್ತಿತ್ತಾ?"

ಏನಾದರೂ ಒಂದು ಹೇಳಿ ತೇಲಿಸಬಹುದಿತ್ತು. ಆಗಲಿಲ್ಲ. "ಇಲ್ಲ" ಎಂದೆ. "ಒಂಚೂರೂ ಕೇಳಿಸ್ತಿರ್ಲಿಲ್ಲ."

"ಅದ್ಕೇ ಕರೆದಿದ್ದು ನನ್ನ" ಎಂದರು. ಕೋಪವಿರಲಿಲ್ಲ. ಬಹಳ ದಿನದಿಂದ ಬಿಡಿಸುತ್ತಿದ್ದ ಲೆಕ್ಕ ಸರಿಹೋದಂತೆ ತಲೆಯಾಡಿಸಿದರು. "ನಾನು ಡೋಲು ಬೇಕಾಯ್ತೇನೋ ಅನ್ಕೊಂಡಿದ್ದೆ."

ಹೆಂಡತಿ ಒಳಗಿನಿಂದ ಕಾಫಿ ತಂದುಕೊಟ್ಟಳು. ಕುಡಿದೆ. ಲೋಟ ಕೆಳಗಿಟ್ಟ ಮೇಲೆ ಡೋಲಿನವರು ಡಬ್ಬಿಯನ್ನು ನನ್ನ ಕಡೆ ಸರಿಸಿ, "ತಗೊಂಡೋಗಿ, ಆರೋಗುತ್ತೆ" ಎಂದರು.

ತೆಗೆದುಕೊಂಡು ಹೋದೆ. ಕೇಂದ್ರದಲ್ಲಿ ಉಳಿದವರು ತುಪ್ಪವನ್ನು ಹೊಗಳುತ್ತ ತಿಂದು ಮುಗಿಸಿದರು. ಮುಖ್ಯಸ್ಥರು ಅವತ್ತಿನ ಗೆರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಇಡೀ ಋತುವಿನಲ್ಲಿ ಇಷ್ಟು ಶುಚಿಯಾದದ್ದು ಬಂದೇ ಇರಲಿಲ್ಲ ಎಂದರು. ಗುಡ್ಡದ ಪಕ್ಕದ ದಿಬ್ಬ ಸರಾಸರಿ ತೆಗೆಯದೆಯೂ ಕಾಣುತ್ತಿತ್ತು. ಆಮೇಲೆ ನಾವು ಪ್ರಕಟಿಸಿದ ಪ್ರಬಂಧದಲ್ಲಿ ಮೊದಲನೇ ಚಿತ್ರವಾಗಿ ಅಚ್ಚಾಗಿರುವುದು ಅದೇ ಗೆರೆ.